ಲೆಕ್ಕಕ್ಕೆ ಸಿಕ್ಕವರು

ಆಗಸ್ಟ್ ಕೊನೆಯ ವಾರ, ಮಳೆ ಸ್ವಲ್ಪ ಬಿಡುವು ಕೊಟ್ಟ ಸಂಜೆ, ನಮ್ಮ ವಾಡೊದ ಗುರ್ಕಾರರು ಕೊಡೆ ಮಡಚಿ ಜಗಲಿ ಹತ್ತುತ್ತಿದ್ದರು. ಕಂಕುಳಲ್ಲಿ ರಟ್ಟು ಕಿತ್ತುಹೋದ ಒಂದು ನೋಟ್‌ಬುಕ್. ಕೇಳುವುದು ಒಂದೇ ಮಾತು: ‘ಈ ಸಲ ಮನೆಯಲ್ಲಿ ಎಷ್ಟು ಜನ?’ ಅಮ್ಮ ಉತ್ತರಿಸುವ ಮೊದಲೇ ಅವರ ಕೈ ಬರೆದಾಗಿರುತ್ತಿತ್ತು. ಗೊತ್ತಿದ್ದೂ ಕೇಳುವುದು ಅವರ ಕ್ರಮ.

ಲೆಕ್ಕ ಬೇಕಾಗಿದ್ದುದು ತೆನೆಗೆ. ಸೆಪ್ಟೆಂಬರ್ 8, ಮೇರಿ ಮಾತೆಯ ಜನ್ಮದಿನ. ಕರಾವಳಿಯ ಕೊಂಕಣಿ ಕಥೋಲಿಕರಿಗೆ ಅದೇ ಮೊಂತಿ ಫೆಸ್ತ್. ಹಿಂದಿನ ಒಂಬತ್ತು ದಿನ ಮಕ್ಕಳು ತೋಟ, ಗುಡ್ಡ ಸುತ್ತಿ ಹೂ ಆರಿಸಿ ತಂದು ಬಾಲ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ಬೆಳಿಗ್ಗೆ ಹೊಸ ಭತ್ತದ ತೆನೆಗೆ ಪಾದ್ರಿಗಳ ಆಶೀರ್ವಾದ, ಮಕ್ಕಳಿಗೆ ಕಬ್ಬು, ಮನೆಮನೆಗೆ ತೆನೆ. ಅದರ ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿದರೆ ಮಧ್ಯಾಹ್ನದ ಊಟ ಶುರು. ಮೀನು ಮಾಂಸ ಬಿಟ್ಟು ಇರಲಾರದ ನಮ್ಮ ಮನೆಗಳಲ್ಲಿ ಅಂದು ಶುದ್ಧ ತರಕಾರಿ, ಬಾಳೆಲೆ. ನೆರೆಮನೆಯ ತುಳುವರ ಕುರಲ್ ಪರ್ಬ ಎಂಬ ತೆನೆಹಬ್ಬಕ್ಕೂ ನಮ್ಮ ಹಬ್ಬಕ್ಕೂ ಬೇರು ಒಂದೇ ಗದ್ದೆಯಲ್ಲಿದೆ. ಈಗ ಆ ಗದ್ದೆಗಳಲ್ಲಿ ಎಷ್ಟೋ ಅಡಿಕೆ ತೋಟವಾಗಿವೆ. ತೆನೆ ಹುಡುಕುವುದೇ ಗುರ್ಕಾರರಿಗೆ ಒಂದು ಕೆಲಸ.

ಗುರ್ಕಾರ ಎಂದರೆ ಯಾರು ಎಂದು ಘಟ್ಟದ ಮೇಲಿನ ಗೆಳೆಯರು ಕೇಳುವುದುಂಟು. ನಮ್ಮ ಕನ್ನಡದ ಗುರಿಕಾರನೇ ಅವನು. ಒಂದು ಚರ್ಚಿನ ವ್ಯಾಪ್ತಿಯನ್ನು ವಾಡೊಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಮುಖ್ಯಸ್ಥ. ಸಂಬಳವಿಲ್ಲ. ಮದುವೆಗೆ ಮುಂದೆ ನಿಲ್ಲಬೇಕು, ಜಗಳಕ್ಕೆ ಮಧ್ಯೆ ನಿಲ್ಲಬೇಕು, ಸಾವಿಗೆ ಎಲ್ಲರಿಗಿಂತ ಮೊದಲು ಬರಬೇಕು.

ಈ ಚರ್ಚಿನ ವ್ಯಾಪ್ತಿಗೆ ಕನ್ನಡದಲ್ಲಿ ನಾವು ‘ಧರ್ಮಕೇಂದ್ರ’ ಎನ್ನುತ್ತೇವೆ. ಅಚ್ಚುಕಟ್ಟಾದ ಶಬ್ದ, ಆದರೆ ಸ್ವಲ್ಪ ಸರ್ಕಾರಿ ಕಚೇರಿಯ ವಾಸನೆ. ಕೊಂಕಣಿಯ ‘ಫಿರ್ಗಜ್’ ಪೋರ್ಚುಗೀಸರ ‘ಫ್ರೆಗೆಸಿಯಾ’ದಿಂದ ಬಂದದ್ದು, ಅದರ ಮೂಲ ಲ್ಯಾಟಿನ್ನಿನಲ್ಲಿ ‘ಇಗರ್ಜಿಯ ಮಗ’, ಅಂದರೆ ಚರ್ಚಿನ ಮಗ, ಎಂಬ ಅರ್ಥವಿದೆ ಎನ್ನುತ್ತಾರೆ. ಇಂಗ್ಲಿಷಿನ ‘ಪ್ಯಾರಿಷ್’ ಹಿಡಿದು ಹಿಂದಕ್ಕೆ ಹೋದರೆ ಗ್ರೀಕಿನ ‘ಪರೋಯ್ಕಿಯಾ’ ಸಿಗುತ್ತದೆ: ಪರದೇಶದಲ್ಲಿ ಬಿಡಾರ ಹೂಡಿರುವುದು. ಒಂದೇ ಜಾಗಕ್ಕೆ ಒಂದು ಭಾಷೆ ಪರದೇಶಿಯ ಬಿಡಾರ ಎಂದಿತು, ಇನ್ನೊಂದು ಮಗನ ಮನೆ ಎಂದಿತು. ಎರಡೂ ನಿಜವೆಂದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು.

ಬಿಡಾರದ ಮಾತು ನಮ್ಮವರಿಗೆ ಹೊಸದಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಸೈನಿಕರು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು ಈ ಜನರನ್ನೇ. 1799ರಲ್ಲಿ ಕೋಟೆ ಬಿದ್ದ ಮೇಲೆ ಬದುಕುಳಿದವರು ಘಟ್ಟ ಇಳಿದು ಬಂದರು. 1680ರಲ್ಲಿ ಕಟ್ಟಿದ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ನೆಲಸಮವಾಗಿತ್ತು. ಅದನ್ನೂ ಮತ್ತೆ ಕಟ್ಟಿದರು. ನಂತರದ ತಲೆಮಾರುಗಳು ಮುಂಬಯಿ, ಕುವೈತ್, ದುಬೈ ಎಂದು ಮತ್ತೆ ಹೊರಟವು. ದುಬೈಯ ಸೇಂಟ್ ಮೇರೀಸ್ ಚರ್ಚಿನಲ್ಲಿ ಭಾನುವಾರದ ಪೂಜೆಗೆ ಶುಕ್ರವಾರವೇ ಹೋಗುವುದು ವರ್ಷಗಟ್ಟಲೆ ರೂಢಿಯಾಗಿತ್ತು, ರಜೆ ಅಂದೇ ಆದ್ದರಿಂದ. ಹೊಸದಾಗಿ ಹೋದವನಿಗೆ ಕೋಣೆ, ಕೆಲಸ, ಊರಿನ ಸುದ್ದಿ ಎಲ್ಲ ಸಿಗುವುದು ಪೂಜೆ ಮುಗಿದ ಮೇಲೆ ಅಂಗಳದಲ್ಲಿ.

ನಾನು ಅಷ್ಟು ದೂರ ಹೋದವನಲ್ಲ. ಬೆಂಗಳೂರಿಗೆ ಬಂದೆ, ಅಷ್ಟೆ. ಭಾನುವಾರ ಒಂದು ವಾರ ಒಂದು ಚರ್ಚು, ಇನ್ನೊಂದು ವಾರ ಇನ್ನೊಂದು, ಮೂರನೆಯ ವಾರ ನಿದ್ದೆ. ಹೋದರೂ ಕೊನೆಯ ಬೆಂಚು. ಪರಮಪ್ರಸಾದ ಕೊಡುವ ಹೊತ್ತಿಗೆ ಬೈಕಿನ ಕೀಲಿ ಕೈಯಲ್ಲಿ. ವಿವೇಕನಗರದ ಬಾಲಯೇಸುವಿನ ಸನ್ನಿಧಿಗೆ ಕೆಲವು ಗುರುವಾರ ಹೋಗಿದ್ದೇನೆ. ಯಾವ ಜಾತಿ, ಯಾವ ಮತ ಎನ್ನದೆ ಜನ ಬಂದು ಮೇಣದ ಬತ್ತಿ ಹಚ್ಚಿ ಅತ್ತು ಹೋಗುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ. ಅದೂ ಒಂದು ಸಮಾಧಾನವೇ, ಹಗುರ ಮಾಡುವಂಥದ್ದಲ್ಲ. ಆದರೆ ಯಾತ್ರಿಕನಿಗೆ ಹಾಸಿಗೆ ಇಲ್ಲ.

ಅಪ್ಪ ತೀರಿಕೊಂಡ ರಾತ್ರಿ ಊರು ತಲುಪುವಾಗ ಮನೆಯಂಗಳದಲ್ಲಿ ಚಪ್ಪರ ಎದ್ದಿತ್ತು. ಗುರ್ಕಾರರು ಮನೆಮನೆಗೆ ಸುದ್ದಿ ಮುಟ್ಟಿಸಿದ್ದರು, ಸಮಾಧಿಯ ಜಾಗ ಗುರುತಿಸಿದ್ದರು, ಪಕ್ಕದ ಮನೆಯಿಂದ ಗಂಜಿಯ ಪಾತ್ರೆ ಬಂದಿತ್ತು. ನಮ್ಮ ಒಲೆ ಉರಿಯಲೇ ಇಲ್ಲ. ಮರುದಿನ ಸಂಜೆ ತೇರ್ಸ್, ಅಂದರೆ ಜಪಸರ. ಹಿರಿಮಗನೆಂದು ನಡೆಸುವ ಪಾಳಿ ನನ್ನದು.

ಜಪಸರ ಹೇಳುವ ಕ್ರಮ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ‘ನಮಾನ್ ಮರಿಯೆ’ ಪ್ರಾರ್ಥನೆಯ ಮೊದಲರ್ಧ ಒಬ್ಬ ಹೇಳುತ್ತಾನೆ, ಉಳಿದರ್ಧ ಎಲ್ಲರೂ ಸೇರಿ. ಹಾಗೆ ಐದು ಹತ್ತು, ಐವತ್ತು ಸಲ. ಚಿಕ್ಕಂದಿನಲ್ಲಿ ಮೊಣಕಾಲು ನೋವು ತಾಳದೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲವೆಂದುಕೊಂಡಿದ್ದೆ. ಅಂದು ಎರಡನೆಯ ಹತ್ತರಲ್ಲಿ ಗಂಟಲು ಕಟ್ಟಿತು. ಅಪ್ಪ ಕೂರುತ್ತಿದ್ದ ಕುರ್ಚಿ ಕಣ್ಣೆದುರಿಗಿತ್ತು. ಒಂದು ಕ್ಷಣ ಮೌನ. ಆಮೇಲೆ ಹಿಂದಿನಿಂದ, ಮೀನು ಮಾರುವ ನಮ್ಮ ವಾಡೊದ ಬಾಯಮ್ಮನ ಒಡಕು ದನಿ ನನ್ನ ಪಾಲಿನ ಮೊದಲರ್ಧವನ್ನು ಎತ್ತಿಕೊಂಡಿತು. ಉಳಿದವರು ಉಳಿದರ್ಧ ಹೇಳಿದರು. ನಿಲ್ಲಲಿಲ್ಲ. ನನಗೆ ಪ್ರಾರ್ಥಿಸಲು ಆಗಲಿಲ್ಲ, ಪ್ರಾರ್ಥನೆ ಮಾತ್ರ ಆಗಿಹೋಯಿತು. ನನ್ನ ವಿಶ್ವಾಸ ಎಷ್ಟು ಗಟ್ಟಿ ಎಂದು ಆ ಮನೆಯಲ್ಲಿ ಯಾರೂ ಅಳೆಯಲಿಲ್ಲ.

ಹಿಂದಿರುಗಿ ಬಂದವನು ಬೆಂಗಳೂರಿನಲ್ಲಿ ಮನೆಗೆ ಹತ್ತಿರದ ಚರ್ಚಿಗೆ ಹೋಗಿ ಹೆಸರು ಬರೆಸಿದೆ. ಕುಟುಂಬದ ಕಾರ್ಡು ಕೊಟ್ಟರು. ಎರಡನೆಯ ಭಾನುವಾರವೇ ಒಬ್ಬರು ಅಜ್ಜಿ ನನ್ನ ಕೈಗೆ ಹಾಡಿನ ಪುಸ್ತಕಗಳ ಕಟ್ಟು ಕೊಟ್ಟು, ‘ನೀನು ಎತ್ತರ ಇದ್ದೀ, ಮೇಲಿನ ಕಪಾಟಿಗೆ ಇಡಪ್ಪಾ’ ಎಂದರು. ಅಂದಿನಿಂದ ಪುಸ್ತಕ ಎತ್ತಿಡುವುದು ನನ್ನ ಕೆಲಸ. ಒಂದು ವಾರ ಜ್ವರ ಬಂದು ತಪ್ಪಿಸಿದ್ದಕ್ಕೆ ಮೂವರು ಫೋನ್ ಮಾಡಿದರು. ಇಬ್ಬರಿಗೆ ನನ್ನ ಆರೋಗ್ಯದ ಚಿಂತೆ, ಒಬ್ಬರಿಗೆ ಕಪಾಟಿನ ಕೀಲಿ ಬೇಕಿತ್ತು.

ಇದನ್ನೆಲ್ಲ ಓದಿ ಚರ್ಚೆಂದರೆ ಸ್ವರ್ಗದ ಪಡಸಾಲೆ ಎಂದು ಯಾರೂ ತಿಳಿಯಬೇಕಿಲ್ಲ. ನಮ್ಮ ಕರಾವಳಿಯ ಚರ್ಚುಗಳಲ್ಲಿ ಬಾಮಣ, ಚಾರೊಡಿ ಎಂಬ ಹಳೆಯ ಜಾತಿಲೆಕ್ಕ ಮದುವೆಯ ಮಾತು ಬಂದಾಗ ಇನ್ನೂ ತಲೆಯೆತ್ತುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಹೋಗಿ ಜನರ ಭಾಷೆ ಬಂದಾಗ, ಯಾವ ಜನರ ಭಾಷೆ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಎಷ್ಟು ಕಹಿಯಾಯಿತೆಂದು ಹಿರಿಯರಿಗೆ ನೆನಪಿದೆ. ಈ ನೆಲದ ಭಾಷೆಯಲ್ಲೇ ಪೂಜೆಗೆ ಸಮಯ ಕೇಳಿ ಕನ್ನಡ ಕಥೋಲಿಕರು ಹೋರಾಡಬೇಕಾಯಿತು. ಇನ್ನು ಚಾಡಿ? ಅದಕ್ಕೆ ಯಾವ ಭಾಷೆಯೂ ಅಡ್ಡಿಯಲ್ಲ. ಕೊನೆಯ ಬೆಂಚಿನಲ್ಲೇ ಕೂತು, ಯಾರೂ ಮಾತಾಡಿಸದೆ, ತಿಂಗಳೊಪ್ಪತ್ತಿಗೆ ಬರುವುದನ್ನೇ ಬಿಟ್ಟವರು ಎಲ್ಲ ಚರ್ಚುಗಳಲ್ಲೂ ಇದ್ದಾರೆ.

ಆದರೂ ನನ್ನ ಮಾತು ಇದು: ಒಳ್ಳೆಯ ಪ್ರಸಂಗ ಕೇಳಬೇಕಾದರೆ ಈಗ ಮೊಬೈಲಿನಲ್ಲಿ ಸಿಗುತ್ತದೆ. ಕಂಠ ಕಟ್ಟಿದಾಗ ಮೊದಲರ್ಧ ಹೇಳುವವರು ಮೊಬೈಲಿನಲ್ಲಿ ಸಿಗುವುದಿಲ್ಲ. ಅಂಥವರು ಮನೆಗೇ ಬರಬೇಕು. ಸೇಂಟ್ ವಿನ್ಸೆಂಟ್ ಡಿ ಪೌಲ್ ಸಭೆಯನ್ನು 1833ರಲ್ಲಿ ಪ್ಯಾರಿಸಿನಲ್ಲಿ ಶುರುಮಾಡಿದ ಫ್ರೆಡರಿಕ್ ಓಜನಾಮ್‌ಗೆ ಆಗ ಇಪ್ಪತ್ತು ವರ್ಷ. ಬಡವರಿಗೆ ಹಣ ಕಳಿಸಿ ಸುಮ್ಮನಿರದೆ ಅವರ ಮನೆಗೇ ಹೋಗಿ ಕೂರುವುದು ಆ ಸಭೆಯ ಕ್ರಮ. ನಮ್ಮ ಚರ್ಚಿನಲ್ಲಿ ಅದರ ಸದಸ್ಯರು ಏಳೆಂಟು ಮಂದಿ, ಹೆಚ್ಚಿನವರು ನಿವೃತ್ತರು. ಯಾರ ಮನೆಗೆ ಹೋದೆವೆಂದು ಹೊರಗೆ ಹೇಳುವುದಿಲ್ಲ. ಕೇಳಿದರೆ ಮಳೆಯ ಮಾತು ತೆಗೆಯುತ್ತಾರೆ.

ಊರಿನ ಗುರ್ಕಾರರಿಗೆ ಈಗ ಎಂಬತ್ತು ದಾಟಿದೆ. ನೋಟ್‌ಬುಕ್ಕಿನಲ್ಲಿ ನಮ್ಮ ಮನೆಯ ಎದುರು ನನ್ನ ಹೆಸರು ಇನ್ನೂ ಅಳಿಸಿಲ್ಲವಂತೆ. ಪ್ರತಿ ಸೆಪ್ಟೆಂಬರ್ ಎರಡನೆಯ ವಾರ ಬೆಂಗಳೂರಿಗೆ ಒಂದು ಲಕೋಟೆ ಬರುತ್ತದೆ. ಒಳಗೆ ಪತ್ರವಿಲ್ಲ, ಏಳೆಂಟು ಕಾಳು ಹೊಸ ಭತ್ತ. ಪಿನ್‌ಕೋಡ್ ಪ್ರತಿ ವರ್ಷವೂ ತಪ್ಪು. ಇದುವರೆಗೆ ಒಮ್ಮೆಯೂ ತಲುಪದೆ ಇದ್ದದ್ದಿಲ್ಲ.