ಜಿಲ್ಲಾ ಮಟ್ಟದ ಮಾಹಿತಿ ವಿಶ್ಲೇಷಣಾ ವ್ಯವಸ್ಥೆ: ತಾಂತ್ರಿಕ ವಿನ್ಯಾಸದ ಯೋಜನೆ ಮತ್ತು ಗ್ರಾಮ ಪಂಚಾಯತಿ ಸದಸ್ಯರ ಹೊಣೆ

ಗ್ರಾಮ ಪಂಚಾಯತಿಯ ದೈನಂದಿನ ಆಡಳಿತವು ಇಂದು ಹಲವು ತಂತ್ರಾಂಶಗಳ ಮೂಲಕ ನಡೆಯುತ್ತಿದೆ. ತೆರಿಗೆಯ ಬೇಡಿಕೆ, ವಸೂಲಿ, ಬಾಕಿ ಹಾಗೂ ಲೆಕ್ಕಪತ್ರಗಳು ಪಂಚತಂತ್ರದಲ್ಲಿ ದಾಖಲಾಗುತ್ತವೆ. ಆಸ್ತಿಗಳ ನಮೂನೆ 9 ಮತ್ತು ನಮೂನೆ 11 ಇ-ಸ್ವತ್ತಿನಲ್ಲಿರುತ್ತವೆ. ಅಭಿವೃದ್ಧಿ ಯೋಜನೆ ಮತ್ತು ಹಣಕಾಸು ಆಯೋಗದ ಅನುದಾನದ ವೆಚ್ಚವು 2020ರ ಏಪ್ರಿಲ್ 24ರಂದು ಚಾಲನೆಗೊಂಡ ಇ-ಗ್ರಾಮ ಸ್ವರಾಜ್ ತಂತ್ರಾಂಶದಲ್ಲಿ ನಮೂದಾಗುತ್ತದೆ. ಉದ್ಯೋಗ ಖಾತರಿಯ ಕೂಲಿ ಮತ್ತು ಕಾಮಗಾರಿಗಳಿಗೆ ಒಂದು ಜಾಲತಾಣ, ಮನೆಮನೆಯ ನಳ ಸಂಪರ್ಕಕ್ಕೆ ಇನ್ನೊಂದು ಜಾಲತಾಣವಿದೆ.

ಇವುಗಳಲ್ಲಿ ಪ್ರತಿಯೊಂದೂ ತನಗೆ ಸಂಬಂಧಿಸಿದ ಪ್ರಶ್ನೆಗೆ ಉತ್ತರ ನೀಡುತ್ತದೆ. ಆದರೆ ಗ್ರಾಮಸಭೆಯಲ್ಲಿ ಜನರು ಕೇಳುವ ಪ್ರಶ್ನೆಗಳು ಒಂದೇ ತಂತ್ರಾಂಶದೊಳಗೆ ಅಡಗಿರುವುದಿಲ್ಲ. “ನಮ್ಮೂರ ಕೊಳವೆಬಾವಿಗೆ ವರ್ಷಕ್ಕೆ ಎಷ್ಟು ವಿದ್ಯುತ್ ಬಿಲ್ಲು ಕಟ್ಟುತ್ತೀರಿ, ನೀರಿನ ಕರ ಎಷ್ಟು ಬರುತ್ತದೆ, ಆದರೂ ಮೇಲಿನ ಓಣಿಗೆ ನೀರೇಕೆ ಏರುವುದಿಲ್ಲ?” ಎಂಬ ಒಂದೇ ಪ್ರಶ್ನೆಗೆ ಹೆಸ್ಕಾಂನ ಬಿಲ್ಲು, ಪಂಚತಂತ್ರದ ವಸೂಲಿ ಲೆಕ್ಕ ಮತ್ತು ನಳ ಸಂಪರ್ಕದ ಪಟ್ಟಿ ಮೂರನ್ನೂ ಒಂದೆಡೆ ಇಟ್ಟು ನೋಡಬೇಕಾಗುತ್ತದೆ.

ಹಲವು ಮೂಲಗಳ ಮಾಹಿತಿಯನ್ನು ಒಟ್ಟುಗೂಡಿಸಿ, ನಿರ್ಣಯ ಕೈಗೊಳ್ಳುವವರ ಮುಂದೆ ಇಡುವ ಏರ್ಪಾಡಿಗೆ ಉದ್ದಿಮೆಗಳಲ್ಲಿ ‘ಬಿಸಿನೆಸ್ ಇಂಟೆಲಿಜೆನ್ಸ್’ ಎನ್ನುತ್ತಾರೆ. ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ ಅವರು 1958ರಲ್ಲಿಯೇ ಈ ಹೆಸರಿನ ಲೇಖನ ಬರೆದು, ಒಂದು ಸಂಸ್ಥೆಯ ಪ್ರತಿ ವಿಭಾಗಕ್ಕೂ ಅದಕ್ಕೆ ಬೇಕಾದ ಮಾಹಿತಿಯನ್ನು ಯಂತ್ರದ ಮೂಲಕ ತಲುಪಿಸುವ ಬಗೆಯನ್ನು ವಿವರಿಸಿದ್ದರು. ಬಾಗಲಕೋಟೆಯಂತಹ ಜಿಲ್ಲೆಗೆ ಇಂತಹ ವ್ಯವಸ್ಥೆಯನ್ನು ಯೋಜಿಸುವಾಗ ಯಾವ ಯಾವ ತಾಂತ್ರಿಕ ನಿರ್ಧಾರಗಳು ಬೇಕು, ಅವುಗಳಲ್ಲಿ ಗ್ರಾಮ ಪಂಚಾಯತಿ ಸದಸ್ಯರ ಪಾತ್ರವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಪ್ರಶ್ನೆಗಳು ಮೊದಲು, ಯಂತ್ರ ನಂತರ

ವಿನ್ಯಾಸದ ಕೆಲಸವು ಗಣಕಯಂತ್ರದ ಖರೀದಿಯಿಂದ ಆರಂಭವಾಗಬಾರದು. ಯಾರು, ಯಾವ ನಿರ್ಣಯಕ್ಕಾಗಿ, ಎಷ್ಟು ದಿನಕ್ಕೊಮ್ಮೆ, ಯಾವ ಮಾಹಿತಿಯನ್ನು ನೋಡಬೇಕು ಎಂಬ ಪಟ್ಟಿ ಮೊದಲು ಸಿದ್ಧವಾಗಬೇಕು. ಜಿಲ್ಲಾ ಪಂಚಾಯತಿಗೆ ತಾಲ್ಲೂಕುವಾರು ಹೋಲಿಕೆ ಬೇಕು. ತಾಲ್ಲೂಕು ಪಂಚಾಯತಿಗೆ ಬಾಕಿ ಉಳಿದ ಕಾಮಗಾರಿಗಳ ಪಟ್ಟಿ ಬೇಕು. ಗ್ರಾಮ ಪಂಚಾಯತಿ ಸದಸ್ಯರಿಗೆ ತಮ್ಮ ವಾರ್ಡಿನ, ಓಣಿಯ ಮಟ್ಟದ ವಿವರ ಬೇಕು.

ಈ ಕೊನೆಯ ಅಗತ್ಯವನ್ನು ಆರಂಭದಲ್ಲಿಯೇ ದಾಖಲಿಸದಿದ್ದರೆ, ಮಾಹಿತಿಯನ್ನು ಪಂಚಾಯತಿಯ ಒಟ್ಟು ಮೊತ್ತವಾಗಿ ಮಾತ್ರ ಸಂಗ್ರಹಿಸಲಾಗುತ್ತದೆ. ಬಿಡಿಬಿಡಿಯಾದ ವಿವರವನ್ನು ಕೂಡಿಸಿ ಮೊತ್ತ ಪಡೆಯಬಹುದು. ಮೊತ್ತವನ್ನು ಮಾತ್ರ ಇಟ್ಟುಕೊಂಡರೆ ಅದರಿಂದ ವಾರ್ಡಿನ ವಿವರವನ್ನು ಮುಂದೆಂದೂ ಬಿಡಿಸಿ ತೆಗೆಯಲಾಗದು.

2. ವ್ಯವಸ್ಥೆಯ ನಾಲ್ಕು ಹಂತಗಳು

ಜೋಳವು ಹೊಲದಿಂದ ನೇರವಾಗಿ ಹಗೇವಿಗೆ ಹೋಗುವುದಿಲ್ಲ. ಕಣಕ್ಕೆ ತಂದು, ರಾಶಿ ಮಾಡಿ, ತೂರಿ, ಒಣಗಿಸಿದ ನಂತರವೇ ಹಗೇವಿನಲ್ಲಿ ತುಂಬುತ್ತಾರೆ. ಮಾಹಿತಿಯ ದಾರಿಯೂ ಹೀಗೆಯೇ ಇರುತ್ತದೆ.

ಮೊದಲ ಹಂತವು ಮೂಲ ತಂತ್ರಾಂಶಗಳು. ಇಲ್ಲಿ ಮಾಹಿತಿ ಹುಟ್ಟುತ್ತದೆ. ಎರಡನೆಯದು ತಾತ್ಕಾಲಿಕ ಸಂಗ್ರಹ. ಮೂಲದಿಂದ ಪಡೆದ ನಕಲನ್ನು ಯಾವ ಬದಲಾವಣೆಯೂ ಇಲ್ಲದೆ ದಿನಾಂಕಸಹಿತ ಇಡುವ ಕಣವಿದು. ಮುಂದೆ ತಕರಾರು ಬಂದಾಗ ಬಂದ ಮಾಹಿತಿ ಏನಿತ್ತು ಎಂದು ಇಲ್ಲಿ ಪರಿಶೀಲಿಸಬಹುದು. ಮೂರನೆಯದು ಶುದ್ಧೀಕರಣ ಮತ್ತು ದತ್ತಾಂಶ ಉಗ್ರಾಣ. ಎರಡು ಬಾರಿ ನಮೂದಾದದ್ದು, ಹೆಸರು ತಪ್ಪಿದ್ದು, ದಿನಾಂಕವಿಲ್ಲದ್ದು ಇಲ್ಲಿ ಬೇರ್ಪಡುತ್ತದೆ. ನಾಲ್ಕನೆಯದು ವರದಿ, ನಕ್ಷೆ ಮತ್ತು ಫಲಕಗಳ ಹಂತ. ಸದಸ್ಯರ ಕಣ್ಣಿಗೆ ಬೀಳುವುದು ಇದೊಂದೇ.

ಉಗ್ರಾಣವನ್ನು ಮೂಲ ತಂತ್ರಾಂಶಗಳಿಂದ ಪ್ರತ್ಯೇಕವಾಗಿ ಇಡಲು ಎರಡು ಕಾರಣಗಳಿವೆ. ಒಂದು, ಇಡೀ ಜಿಲ್ಲೆಯ ಐದು ವರ್ಷದ ಲೆಕ್ಕವನ್ನು ಕೂಡಿಸುವ ಭಾರ ಮೂಲ ತಂತ್ರಾಂಶದ ಮೇಲೆ ಬಿದ್ದರೆ, ಪಂಚಾಯತಿ ಕಚೇರಿಯಲ್ಲಿ ರಸೀದಿಗಾಗಿ ನಿಂತವರು ಕಾಯಬೇಕಾಗುತ್ತದೆ. ಎರಡು, ಮೂಲ ತಂತ್ರಾಂಶವು ಸಾಮಾನ್ಯವಾಗಿ ಇಂದಿನ ಸ್ಥಿತಿಯನ್ನು ತೋರಿಸುತ್ತದೆ; ಹಿಂದಿನ ಸ್ಥಿತಿಯೊಡನೆ ಹೋಲಿಸಲು ಹಳೆಯ ದಾಖಲೆ ಉಗ್ರಾಣದಲ್ಲಿ ಉಳಿದಿರಬೇಕು.

3. ಜೋಡಿಸುವ ಕೊಂಡಿ: ಗ್ರಾಮದ ಸಂಕೇತ ಸಂಖ್ಯೆ

ಇಳಕಲ್ ಸೀರೆಯ ಒಡಲಿನ ಹಾಸು ಮತ್ತು ಸೆರಗಿನ ಹಾಸನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿ, ಕುಣಿಕೆಗೆ ಕುಣಿಕೆ ಸೇರಿಸಿ ನೇಯುತ್ತಾರೆಂಬುದು ಈ ಭಾಗದವರಿಗೆ ತಿಳಿದದ್ದೇ. ಒಂದು ಕುಣಿಕೆ ತಪ್ಪಿದರೂ ಆ ಎಳೆ ಸೆರಗಿಗೆ ಸೇರುವುದಿಲ್ಲ. ಎರಡು ತಂತ್ರಾಂಶಗಳ ಮಾಹಿತಿಯನ್ನು ಸೇರಿಸುವಾಗ ಆ ಕುಣಿಕೆಯ ಕೆಲಸವನ್ನು ಸಂಕೇತ ಸಂಖ್ಯೆಯು ಮಾಡುತ್ತದೆ.

ಊರಿನ ಹೆಸರನ್ನು ಇದಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಒಂದೇ ಹೆಸರಿನ ಊರುಗಳು ಹಲವಿರುತ್ತವೆ. ಒಂದೇ ಊರನ್ನು ಒಂದು ಕಡೆ ‘ಹುನಗುಂದ’ ಎಂದೂ ಇನ್ನೊಂದು ಕಡೆ ‘ಹುನಗುಂದ್’ ಎಂದೂ ಬರೆದರೆ ಗಣಕಯಂತ್ರವು ಅವನ್ನು ಎರಡು ಊರುಗಳೆಂದೇ ಎಣಿಸುತ್ತದೆ. ಆದ್ದರಿಂದ ಕೇಂದ್ರ ಪಂಚಾಯತಿ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ನಿರ್ದೇಶಿಕೆಯಲ್ಲಿ ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯತಿ ಮತ್ತು ಗ್ರಾಮಕ್ಕೆ ನೀಡಿರುವ ಸಂಖ್ಯೆಯನ್ನೇ ಎಲ್ಲ ಜೋಡಣೆಗೂ ಆಧಾರವಾಗಿ ಬಳಸುವುದು ಯುಕ್ತ.

ಗ್ರಾಮಕ್ಕಿಂತ ಕೆಳಗಿನ ಹಂತದಲ್ಲಿ ಪಂಚಾಯತಿಯೇ ಪಟ್ಟಿ ಸಿದ್ಧಪಡಿಸಬೇಕಾಗುತ್ತದೆ. ಹೆಸ್ಕಾಂ ಬಿಲ್ಲಿನಲ್ಲಿ ಆರ್.ಆರ್. ಸಂಖ್ಯೆ ಇರುತ್ತದೆ, ಆ ಸಂಖ್ಯೆ ಯಾವ ಓಣಿಯ ಯಾವ ಕೊಳವೆಬಾವಿಯದು ಎಂಬುದನ್ನು ನೀರಗಂಟಿಯೇ ಬಲ್ಲ. ಅವನ ತಿಳಿವಳಿಕೆಯನ್ನು ಒಂದು ಪಟ್ಟಿಯಾಗಿ ಬರೆದಿಡದ ಹೊರತು ಮೇಲೆ ಹೇಳಿದ ಗ್ರಾಮಸಭೆಯ ಪ್ರಶ್ನೆಗೆ ಯಾವ ಯಂತ್ರವೂ ಉತ್ತರಿಸಲಾರದು.

4. ಗಡಿ ಬದಲಾದಾಗ, ಊರು ಸ್ಥಳಾಂತರಗೊಂಡಾಗ

ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಇದು ಅತ್ಯಂತ ಮುಖ್ಯವಾದ ವಿಷಯ. ಈ ಜಿಲ್ಲೆಯೇ 1997ರಲ್ಲಿ ಆಗಿನ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟಿತು. 2017-18ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪೈಕಿ ಇಳಕಲ್, ಹುನಗುಂದದಿಂದಲೂ, ಗುಳೇದಗುಡ್ಡ, ಬಾದಾಮಿಯಿಂದಲೂ ರೂಪುಗೊಂಡವು. ಇದನ್ನು ಗಮನಿಸದೆ ಹುನಗುಂದ ತಾಲ್ಲೂಕಿನ 2015-16ರ ವೆಚ್ಚವನ್ನು ವಿಭಜನೆಯ ನಂತರದ ವೆಚ್ಚದೊಡನೆ ಹೋಲಿಸಿದರೆ, ತಾಲ್ಲೂಕಿನಲ್ಲಿ ಕೆಲಸವೇ ಕುಂಠಿತವಾದಂತೆ ವರದಿ ಹೇಳುತ್ತದೆ. ವಾಸ್ತವದಲ್ಲಿ ಕಡಿಮೆಯಾದದ್ದು ಗ್ರಾಮಗಳ ಸಂಖ್ಯೆ. ಹೀಗಾಗಿ ಪ್ರತಿ ಗ್ರಾಮದ ದಾಖಲೆಯಲ್ಲಿ ಅದು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ತಾಲ್ಲೂಕಿಗೆ ಸೇರಿತ್ತು ಎಂಬ ವಿವರವಿರಬೇಕು. ಹಳೆಯ ನಮೂದನ್ನು ಅಳಿಸಿ ಹೊಸದನ್ನು ಬರೆಯುವ ಪದ್ಧತಿ ಸಲ್ಲದು.

ಸ್ಥಳಾಂತರಗೊಂಡ ಊರುಗಳ ಪ್ರಶ್ನೆ ಇನ್ನೂ ಸೂಕ್ಷ್ಮ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಜಿಲ್ಲೆಯಲ್ಲಿ ಅನೇಕ ಪುನರ್ವಸತಿ ಕೇಂದ್ರಗಳಾದವು. 2009ರ ಮಹಾಪೂರದ ನಂತರ ಮಲಪ್ರಭೆಯ ದಡದ ಬಾದಾಮಿ ಮತ್ತು ಹುನಗುಂದ ಭಾಗದಲ್ಲಿ ಆಸರೆ ಯೋಜನೆಯಡಿ ನವಗ್ರಾಮಗಳು ನಿರ್ಮಾಣಗೊಂಡವು. 2019ರ ಆಗಸ್ಟ್‌ನಲ್ಲಿ ನದಿ ಮತ್ತೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನೀರು ನುಗ್ಗಿತು. ಇಂತಹ ಕಡೆಗಳಲ್ಲಿ ಕೆಲವು ಕುಟುಂಬಗಳು ಹೊಸ ಸ್ಥಳದಲ್ಲಿಯೂ ಕೆಲವು ಹಳೆಯ ಊರಿನಲ್ಲಿಯೂ ವಾಸಿಸುವುದುಂಟು.

ಒಂದು ಕಾಲ್ಪನಿಕ ಲೆಕ್ಕದಿಂದ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ಒಂದು ಗ್ರಾಮದಲ್ಲಿ 300 ಮನೆಗಳಿದ್ದು, ಅವುಗಳಲ್ಲಿ 200 ಹಳೆಯ ಊರಿನಲ್ಲಿ, 100 ನವಗ್ರಾಮದಲ್ಲಿ ಇವೆ ಎಂದು ಭಾವಿಸೋಣ. ಹಳೆಯ ಊರಿನ 180 ಮನೆಗಳಿಗೆ ನಳವಿದೆ, ನವಗ್ರಾಮಕ್ಕೆ ಇನ್ನೂ ಬಂದಿಲ್ಲ. ನವಗ್ರಾಮವು ವ್ಯವಸ್ಥೆಯಲ್ಲಿ ಜನವಸತಿಯಾಗಿ ನೋಂದಾಯಿತವಾಗಿರದಿದ್ದರೆ ವರದಿಯು 200ಕ್ಕೆ 180, ಅಂದರೆ ಶೇ. 90 ಎಂದು ತೋರಿಸುತ್ತದೆ. ನಿಜವಾದ ಪ್ರಮಾಣ 300ಕ್ಕೆ 180, ಅಂದರೆ ಶೇ. 60. ಮೊದಲ ಅಂಕಿಯನ್ನು ನೋಡಿದ ಅಧಿಕಾರಿಯು ಆ ಗ್ರಾಮವನ್ನು ಆದ್ಯತೆಯ ಪಟ್ಟಿಯಿಂದ ಕೈಬಿಡುವುದು ಸಹಜ. ಹೀಗೆ 100 ಕುಟುಂಬಗಳು ಯಾರ ದುರುದ್ದೇಶವೂ ಇಲ್ಲದೆ ಯೋಜನೆಯಿಂದ ಹೊರಗುಳಿಯುತ್ತವೆ. ವ್ಯವಸ್ಥೆಗೆ ಕಾಣದ ಜನವಸತಿಗೆ ಅನುದಾನವೂ ಕಾಣುವುದಿಲ್ಲ.

5. ಒಂದು ಪದಕ್ಕೆ ಒಂದೇ ಅರ್ಥ

‘ಪೂರ್ಣಗೊಂಡ ಕಾಮಗಾರಿ’ ಎಂದರೆ ಎಂಜಿನಿಯರರಿಗೆ ಸ್ಥಳದಲ್ಲಿ ಕೆಲಸ ಮುಗಿದದ್ದು. ಲೆಕ್ಕ ಸಹಾಯಕರಿಗೆ ಅಂತಿಮ ಬಿಲ್ಲು ಪಾವತಿಯಾದದ್ದು. ‘ನಳ ಸಂಪರ್ಕ’ ಎಂದರೆ ನಳ ಕೂಡಿಸಿದ್ದೋ, ನೀರು ಬರುತ್ತಿರುವುದೋ? ಜಲಜೀವನ ಮಿಷನ್ನಿನ ಗುರಿಯು ತಲಾ ದಿನಕ್ಕೆ 55 ಲೀಟರ್ ನೀರು. ಅದರಂತೆ ನೀರು ಬಾರದ ನಳವನ್ನು ಸಾಧನೆಯೆಂದು ಎಣಿಸಲಾಗದು. ಪ್ರತಿ ಪದದ ವ್ಯಾಖ್ಯೆ, ಅದರ ಮೂಲ ಮತ್ತು ಅದಕ್ಕೆ ಹೊಣೆಗಾರರು ಯಾರು ಎಂಬುದನ್ನು ಬರೆದ ಕೋಶವು ವ್ಯವಸ್ಥೆಯ ಭಾಗವಾಗಿರಬೇಕು. ವರದಿಯ ಪ್ರತಿ ಅಂಕಿಯ ಜೊತೆಗೆ ಆ ವ್ಯಾಖ್ಯೆಯೂ, ಮಾಹಿತಿ ಯಾವ ದಿನಾಂಕದವರೆಗಿನದು ಎಂಬುದೂ ಮುದ್ರಿತವಾಗಬೇಕು.

6. ವೇಗ, ಸಂಪರ್ಕ ಮತ್ತು ಭದ್ರತೆ

ಎಲ್ಲ ಮಾಹಿತಿಯೂ ಕ್ಷಣಕ್ಷಣಕ್ಕೆ ಬದಲಾಗಬೇಕಿಲ್ಲ. ತೆರಿಗೆ ವಸೂಲಿಯನ್ನು ದಿನಕ್ಕೊಮ್ಮೆ, ಕಾಮಗಾರಿಯ ಪ್ರಗತಿಯನ್ನು ವಾರಕ್ಕೊಮ್ಮೆ, ಆಸ್ತಿಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪಡೆದರೆ ಸಾಕಾಗಬಹುದು. ಅಗತ್ಯಕ್ಕಿಂತ ಹೆಚ್ಚಿನ ವೇಗವು ವೆಚ್ಚವನ್ನು ಏರಿಸುತ್ತದೆ. ಆರ್ಥಿಕ ವರ್ಷದ ಕೊನೆಯಾದ ಮಾರ್ಚ್‌ನಲ್ಲಿ ನಮೂದುಗಳು ದಟ್ಟೈಸುವುದರಿಂದ ಯಂತ್ರದ ಸಾಮರ್ಥ್ಯವನ್ನು ಆ ತಿಂಗಳ ಭಾರಕ್ಕೆ ಹೊಂದಿಸಬೇಕು. ವಿದ್ಯುತ್ ಅಥವಾ ಅಂತರ್ಜಾಲ ಕಡಿತವಾದ ದಿನ ಗ್ರಾಮಸಭೆ ನಿಲ್ಲಬಾರದು. ಆದ್ದರಿಂದ ಪ್ರತಿ ವರದಿಯೂ ಒಂದೆರಡು ಪುಟಗಳಲ್ಲಿ ಕನ್ನಡದಲ್ಲಿ ಮುದ್ರಿಸುವಂತಿರಬೇಕು. ಉಗ್ರಾಣದ ಪ್ರತಿಯನ್ನು ಬೇರೊಂದು ಸ್ಥಳದಲ್ಲಿ ಇಡುವುದಷ್ಟೇ ಅಲ್ಲದೆ, ಆ ಪ್ರತಿಯಿಂದ ವ್ಯವಸ್ಥೆಯನ್ನು ಮರಳಿ ಕಟ್ಟಬಹುದೇ ಎಂದು ಆಗಾಗ ಪರೀಕ್ಷಿಸಬೇಕು.

ಯಾರು ಏನನ್ನು ನೋಡಬಹುದು ಎಂಬುದೂ ವಿನ್ಯಾಸದ ಭಾಗವೇ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ವೆಚ್ಚ ಇವು ಸಾರ್ವಜನಿಕ ಮಾಹಿತಿ; 2005ರ ಮಾಹಿತಿ ಹಕ್ಕು ಅಧಿನಿಯಮದ ಆಶಯವೂ ಇಂತಹ ಮಾಹಿತಿಯನ್ನು ಸ್ವಯಂ ಪ್ರಕಟಿಸಬೇಕೆಂಬುದೇ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಅಂಗವೈಕಲ್ಯ ಅಥವಾ ಕಾಯಿಲೆಯ ವಿವರಗಳು ಹಾಗಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಹಿನ್ನೆಲೆಯಲ್ಲಿ, ವಿಶ್ಲೇಷಣೆಗೆ ಬೇಡವಾದ ವೈಯಕ್ತಿಕ ವಿವರವನ್ನು ಉಗ್ರಾಣಕ್ಕೆ ತಾರದಿರುವುದೇ ಸುರಕ್ಷಿತ ಮಾರ್ಗ.

7. ತಿದ್ದುಪಡಿಯ ದಾರಿ

ವರದಿಯಲ್ಲಿ ತಪ್ಪು ಕಂಡಾಗ ವರದಿಯನ್ನೇ ತಿದ್ದಿದರೆ ಮರುದಿನ ಮೂಲದಿಂದ ಅದೇ ತಪ್ಪು ಮತ್ತೆ ಬರುತ್ತದೆ. ತಿದ್ದುಪಡಿಯು ಮೂಲ ತಂತ್ರಾಂಶದಲ್ಲಿಯೇ ಆಗತಕ್ಕದ್ದು. ಅದಕ್ಕಾಗಿ ಜಿಲ್ಲೆಯಿಂದ ಗ್ರಾಮ ಪಂಚಾಯತಿಗೆ ಮರಳುವ ದಾರಿಯೊಂದನ್ನು ವಿನ್ಯಾಸದಲ್ಲಿಯೇ ಇರಿಸಬೇಕು: ಸದಸ್ಯರ ಆಕ್ಷೇಪಣೆಯನ್ನು ದಾಖಲಿಸಿ, ಪರಿಶೀಲನೆಗೆ ಕಾಲಮಿತಿ ನಿಗದಿಪಡಿಸಿ, ಫಲಿತಾಂಶವನ್ನು ಲಿಖಿತವಾಗಿ ತಿಳಿಸುವ ದಾರಿ. ಮಾಹಿತಿ ಮೇಲಕ್ಕೆ ಮಾತ್ರ ಹರಿಯುವ ವ್ಯವಸ್ಥೆಯಲ್ಲಿ ತಪ್ಪನ್ನು ಬಲ್ಲವರು ಕೆಳಗೂ, ಅದನ್ನು ನಂಬಿ ನಿರ್ಣಯಿಸುವವರು ಮೇಲೆಯೂ ಉಳಿಯುತ್ತಾರೆ.

ಗಣಕಯಂತ್ರದ ಜ್ಞಾನವಿಲ್ಲದೆಯೂ ಪ್ರತಿಯೊಬ್ಬ ಸದಸ್ಯರು ತಮ್ಮ ವಾರ್ಡಿನ ಮಟ್ಟಿಗೆ ಈ ಕೆಳಗಿನವನ್ನು ಪರಿಶೀಲಿಸಬಹುದು:

(ಅ) ತಮ್ಮ ವಾರ್ಡಿನ ಎಲ್ಲ ಓಣಿ, ತಾಂಡಾ, ತೋಟದ ವಸತಿ, ನವಗ್ರಾಮ ಮತ್ತು ಪುನರ್ವಸತಿ ಕೇಂದ್ರಗಳು ಜನವಸತಿಗಳ ಪಟ್ಟಿಯಲ್ಲಿವೆಯೇ?

(ಆ) ಪಟ್ಟಿಯಲ್ಲಿನ ಮನೆಗಳ ಸಂಖ್ಯೆಯು ಕರವಸೂಲಿಗಾರರ ವಹಿಯಲ್ಲಿರುವ ಸಂಖ್ಯೆಗೆ ಹೊಂದುತ್ತದೆಯೇ?

(ಇ) ಪ್ರತಿ ಕೊಳವೆಬಾವಿಯ ಆರ್.ಆರ್. ಸಂಖ್ಯೆ ಮತ್ತು ಅದು ನೀರು ಪೂರೈಸುವ ಓಣಿಯ ಹೆಸರು ದಾಖಲಾಗಿದೆಯೇ?

(ಈ) ‘ಪೂರ್ಣಗೊಂಡಿದೆ’ ಎಂದು ತೋರಿಸಿದ ಕಾಮಗಾರಿಯು ಸ್ಥಳದಲ್ಲಿ ಇದೆಯೇ, ಬಳಕೆಯಲ್ಲಿದೆಯೇ?

ಜಮಾಬಂದಿಯ ಸಂದರ್ಭದಲ್ಲಿ ವಹಿಗಳನ್ನು ಸಾರ್ವಜನಿಕರ ಮುಂದೆ ತೆರೆದು ನೋಡುವ ಪದ್ಧತಿ ನಮ್ಮ ಪಂಚಾಯತಿಗಳಿಗೆ ಹೊಸದಲ್ಲ. ಈ ನಾಲ್ಕು ಅಂಶಗಳನ್ನು ಮುಂದಿನ ವಾರ್ಡ್ ಸಭೆಯಲ್ಲಿ ಓದಿ ಹೇಳಿ, ಕಂಡುಬಂದ ವ್ಯತ್ಯಾಸಗಳನ್ನು ನಡಾವಳಿಯಲ್ಲಿ ದಾಖಲಿಸಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ಮೂಲ ತಂತ್ರಾಂಶದಲ್ಲಿ ಸರಿಪಡಿಸಿದಲ್ಲಿ, ಜಿಲ್ಲಾ ಮಟ್ಟದ ವ್ಯವಸ್ಥೆ ಸಿದ್ಧವಾಗುವ ಮುನ್ನವೇ ಅದರ ಅತ್ಯಂತ ಕಠಿಣವಾದ ಭಾಗ ಮುಗಿದಿರುತ್ತದೆ.