ಅರೆಬರೆ ಅಳತೆಗಳಿಂದ ಚಂದ್ರನ ನೆಲಕ್ಕೆ

ಚಂದ್ರನ ಮೇಲೆ ಇಳಿಯುತ್ತಿರುವ ನೌಕೆಗೆ ತನ್ನ ಎತ್ತರ, ವೇಗ ಮತ್ತು ವಾಲಿಕೆಯನ್ನು ಒಟ್ಟಿಗೆ, ನಿಖರವಾಗಿ ತಿಳಿಸುವ ಒಂದೇ ಉಪಕರಣ ಎಂಬುದಿಲ್ಲ. ಅಲ್ಲಿ ದಾರಿ ಹೇಳಲು ಜಿಪಿಎಸ್ ಉಪಗ್ರಹಗಳಿಲ್ಲ, ಒತ್ತಡದಿಂದ ಎತ್ತರ ಅಳೆಯಲು ಗಾಳಿಯಿಲ್ಲ. ಭೂಮಿಯಿಂದ ಯಾರಾದರೂ ನೋಡಿ ತಿದ್ದೋಣವೆಂದರೆ, ರೇಡಿಯೊ ಸಂಕೇತ ಸುಮಾರು 3.84 ಲಕ್ಷ ಕಿಲೋಮೀಟರ್ ದೂರವನ್ನು ಹೋಗಿ ಬರುವಷ್ಟರಲ್ಲಿ ಎರಡೂವರೆ ಸೆಕೆಂಡಿಗೂ ಹೆಚ್ಚು ಕಾಲ ಕಳೆದು, ಸೆಕೆಂಡಿಗೆ 1.68 ಕಿಲೋಮೀಟರ್ ವೇಗದಲ್ಲಿರುವ ನೌಕೆ ನಾಲ್ಕು ಕಿಲೋಮೀಟರಿಗೂ ಮುಂದೆ ಸಾಗಿರುತ್ತದೆ. ಆದ್ದರಿಂದ ನೌಕೆ ತನಗೆ ದೊರೆತ ಅರೆಬರೆ ಅಳತೆಗಳಿಂದಲೇ ತನ್ನ ಸ್ಥಿತಿಯನ್ನು ಊಹಿಸಿ, ಆ ಊಹೆಯನ್ನೇ ನಂಬಿ ಎಂಜಿನ್‌ಗಳನ್ನು ನಿಯಂತ್ರಿಸಬೇಕಾಗುತ್ತದೆ.

ಇದಕ್ಕೆ ಮೊದಲ ಆಧಾರ ವೇಗೋತ್ಕರ್ಷ ಮಾಪಕ, ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು ಅಳೆಯುವ ಸಾಧನ. ಅದರ ಅಳತೆಗಳನ್ನು ಕೂಡುತ್ತ ಹೋದರೆ ವೇಗವೂ, ವೇಗವನ್ನು ಕೂಡುತ್ತ ಹೋದರೆ ಸ್ಥಾನವೂ ಸಿಗುತ್ತವೆ. ಆದರೆ ದೋಷವೂ ಜೊತೆಜೊತೆಗೆ ಕೂಡುತ್ತ ಹೋಗುತ್ತದೆ. ಮಾಪಕದಲ್ಲಿ ಸೆಕೆಂಡಿಗೆ ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟು ಸ್ಥಿರ ತಪ್ಪಿದ್ದರೂ 1000 ಸೆಕೆಂಡುಗಳ ಕೊನೆಗೆ ವೇಗದ ಲೆಕ್ಕ ಸೆಕೆಂಡಿಗೆ ಒಂದು ಮೀಟರಿನಷ್ಟು, ಸ್ಥಾನದ ಲೆಕ್ಕ 500 ಮೀಟರಿನಷ್ಟು ತಪ್ಪಿರುತ್ತದೆ. ಚಂದ್ರಯಾನ-3ರ ಅಂತಿಮ ಇಳಿತಕ್ಕೆ ಹಿಡಿದ ಕಾಲವೂ ಹೆಚ್ಚುಕಡಿಮೆ ಅಷ್ಟೇ.

ಹೀಗೆ ತಪ್ಪುತ್ತ ಹೋಗುವ ಲೆಕ್ಕವನ್ನು ಎತ್ತರ ಮಾಪಕದಂಥ ಬೇರೆ ಉಪಕರಣಗಳ ಅಳತೆಗಳಿಂದ ಆಗಾಗ ತಿದ್ದಬೇಕು. ಲೆಕ್ಕವನ್ನೂ ಅಳತೆಯನ್ನೂ ಹೇಗೆ ಬೆಸೆಯಬೇಕೆಂಬ ಪ್ರಶ್ನೆಗೆ ಬುಡಾಪೆಸ್ಟ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟ ಉತ್ತರ ಇಂದಿಗೂ ಈ ಕ್ಷೇತ್ರದ ಬುನಾದಿಯಾಗಿದೆ. ನಾಸಾದ ಏಮ್ಸ್ ಕೇಂದ್ರದ ಸ್ಟ್ಯಾನ್ಲಿ ಶ್ಮಿಟ್ ಅದರ ಬೆಲೆಯನ್ನು ಬೇಗನೆ ಗುರುತಿಸಿದ್ದರಿಂದ ಆ ವಿಧಾನ ಅಪೊಲೊ ಯೋಜನೆಯನ್ನು ಸೇರಿತು. ಅದರ ತಿರುಳು ಇಷ್ಟು: ಪ್ರತಿಯೊಂದು ಅಂದಾಜೂ ತಾನು ಎಷ್ಟು ತಪ್ಪಿರಬಹುದೆಂಬುದನ್ನೂ ಹೊತ್ತು ಬರಬೇಕು. ನೌಕೆಯ ಲೆಕ್ಕ ಎತ್ತರವನ್ನು 1000 ಮೀಟರ್ ಎಂದು ಹೇಳಿ, 30 ಮೀಟರ್ ಹೆಚ್ಚುಕಡಿಮೆ ಇರಬಹುದೆಂದೂ ಒಪ್ಪಿಕೊಳ್ಳುತ್ತದೆ ಎನ್ನೋಣ. ಎತ್ತರ ಮಾಪಕ 1040 ಎಂದು ತೋರಿಸಿ, ಅದರ ಅನಿಶ್ಚಿತತೆ 10 ಮೀಟರ್ ಇದೆ ಎನ್ನೋಣ. ಅನಿಶ್ಚಿತತೆಗಳ ವರ್ಗಗಳು 900 ಮತ್ತು 100 ಆಗಿರುವುದರಿಂದ ಹತ್ತರಲ್ಲಿ ಒಂಬತ್ತು ಪಾಲು ನಂಬಿಕೆ ಮಾಪಕಕ್ಕೆ ಸಲ್ಲುತ್ತದೆ, ಹೊಸ ಅಂದಾಜು 1036 ಮೀಟರ್ ಆಗುತ್ತದೆ. ಹೊಸ ಅನಿಶ್ಚಿತತೆ ಸುಮಾರು 9.5 ಮೀಟರ್, ಎರಡು ಮೂಲಗಳಲ್ಲಿ ಯಾವುದಕ್ಕಿಂತಲೂ ಕಡಿಮೆ. ಒರಟು ಮಾಹಿತಿಯನ್ನೂ ಬಿಸಾಡದೆ ಅದಕ್ಕೆ ತಕ್ಕ ತೂಕ ಕೊಟ್ಟು ಬಳಸುವುದರಲ್ಲಿಯೇ ಈ ವಿಧಾನದ ಸೊಗಸಿದೆ.

ಆದರೆ ಅಳತೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಎಲ್ಲವೂ ತಿಳಿಯುವುದಿಲ್ಲ. ಸಮತಟ್ಟಾದ ನೆಲದ ಮೇಲೆ ಎತ್ತರವನ್ನು ಸಾವಿರ ಸಲ ಅಳೆದರೆ ಕೆಳಮುಖ ವೇಗವನ್ನು ಲೆಕ್ಕಹಾಕಬಹುದು, ಪಕ್ಕಕ್ಕೆ ಜಾರುತ್ತಿರುವ ವೇಗವನ್ನಲ್ಲ. ಏಕೆಂದರೆ ನೌಕೆ ಎಷ್ಟೇ ಜಾರಿದರೂ ಮಾಪಕದ ಓದು ಬದಲಾಗದು. ಲಭ್ಯ ಅಳತೆಗಳಿಂದ ಪೂರ್ಣ ಸ್ಥಿತಿಯನ್ನು ಕಂಡುಕೊಳ್ಳಲು ಸಾಧ್ಯವೇ ಎಂಬ ಈ ಗುಣಕ್ಕೆ ವೀಕ್ಷಣೀಯತೆ ಎಂದು ಹೆಸರು. ಇದನ್ನು ಗಣಿತದ ನಿಖರ ಷರತ್ತಾಗಿ ರೂಪಿಸಿದವರೂ ಕಾಲ್ಮನ್ನರೇ, ಮತ್ತು ಅವರ ಕೊಡುಗೆಗಳಲ್ಲಿ ಸಾಮಾನ್ಯ ಓದುಗರು ಹೆಚ್ಚು ತಿಳಿಯಬೇಕಾದದ್ದು ಇದೇ. ಚಂದ್ರಯಾನ-3ರಲ್ಲಿ ಹೊಸದಾಗಿ ಸೇರಿಸಿದ ಲೇಸರ್ ಡಾಪ್ಲರ್ ವೇಗಮಾಪಕದ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ: ನೆಲದಿಂದ ಮರಳುವ ಬೆಳಕಿನ ಆವರ್ತನದ ಬದಲಾವಣೆಯಿಂದ ಅದು ವೇಗವನ್ನೇ ನೇರವಾಗಿ ಅಳೆಯುತ್ತದೆ.

ಅಂದಾಜು ಸರಿಯಿದ್ದರೂ ತಿದ್ದಿಕೊಳ್ಳಲು ಅವಕಾಶವಿಲ್ಲದಿದ್ದರೆ ಅದು ವ್ಯರ್ಥ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ಇಳಿನೌಕೆ ವಿಕ್ರಮ್ ಚಂದ್ರನಿಗೆ ಅಪ್ಪಳಿಸಿದ್ದಕ್ಕೆ ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರಲ್ಲಿ ಕೊಟ್ಟ ವಿವರಣೆ ಇದನ್ನೇ ಹೇಳುತ್ತದೆ. ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕಿದ್ದರಿಂದ ದೋಷಗಳು ಒಟ್ಟುಗೂಡಿದವು, ಅವನ್ನು ಸರಿಪಡಿಸಲು ಬೇಕಾದಷ್ಟು ವೇಗವಾಗಿ ತಿರುಗಲು ನೌಕೆಗೆ ಮಿತಿ ಹಾಕಲಾಗಿತ್ತು, ಇಳಿಯಲು ಗೊತ್ತುಮಾಡಿದ್ದ ಜಾಗವೂ 500 ಮೀಟರ್ ಉದ್ದಗಲದ ಚೌಕವಷ್ಟೇ ಆಗಿತ್ತು. ಮುಂದಿನ ನೌಕೆಯಾದ ಚಂದ್ರಯಾನ-3ಕ್ಕೆ ಆ ಜಾಗವನ್ನು 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್‌ವರೆಗೆ ಹಿಗ್ಗಿಸಿ, ಹೆಚ್ಚು ಇಂಧನ ತುಂಬಿ, ಕಾಲುಗಳನ್ನು ಬಲಪಡಿಸಲಾಯಿತು. ಏನೇನು ತಪ್ಪಬಹುದೆಂದು ಮೊದಲೇ ಪಟ್ಟಿಮಾಡಿ, ಅದಕ್ಕೆ ತಕ್ಕಂತೆ ವಿನ್ಯಾಸ ಮಾಡಿದ ಈ ವಿನಯವೇ ಆ ಯೋಜನೆಯ ಅತ್ಯುತ್ತಮ ಎಂಜಿನಿಯರಿಂಗ್.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಇಳಿನೌಕೆ, ಅದೇ ಹೆಸರಿನ ವಿಕ್ರಮ್, ನೆಲ ಮುಟ್ಟಿತು. ಅದಕ್ಕೆ ಮುಂಚಿನ ಹತ್ತೊಂಬತ್ತು ನಿಮಿಷಗಳಲ್ಲಿ ನೌಕೆಯನ್ನು ನಡೆಸಿದ್ದು ಅದರ ಒಳಗಿನ ಕಂಪ್ಯೂಟರ್. ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿದ್ದವರು ಪರದೆಯನ್ನು ನೋಡುತ್ತಿದ್ದರು.