ಚರ್ಮದ ಬಾಗಿಲಲ್ಲಿ ಲಸಿಕೆ

ನಮ್ಮಲ್ಲಿ ಅನೇಕರ ಎಡತೋಳಿನ ಮೇಲೆ ಒಂದು ಪುಟ್ಟ ಕಲೆ ಇದೆ. ಅದು ಕ್ಷಯರೋಗದ ವಿರುದ್ಧ ನೀಡುವ ಬಿಸಿಜಿ ಲಸಿಕೆಯ ಗುರುತು. 1921ರಲ್ಲಿ ಪ್ಯಾರಿಸ್ಸಿನಲ್ಲಿ ಶಿಶುವೊಂದಕ್ಕೆ ಮೊದಲು ಬಾಯಿಯ ಮೂಲಕ ನೀಡಲಾದ ಈ ಲಸಿಕೆ ಮುಂದೆ ಚರ್ಮದ ಪದರದೊಳಗೆ ದಾರಿ ಕಂಡುಕೊಂಡಿತು. ಅದಕ್ಕೆ ಕಾರಣವಿದೆ. ಹೊರಗಿನ ರೋಗಾಣುಗಳನ್ನು ಗುರುತಿಸಿ ದೇಹಕ್ಕೆ ಸುದ್ದಿ ಮುಟ್ಟಿಸುವ ಕಾವಲು ಕೋಶಗಳು ಸ್ನಾಯುವಿಗಿಂತ ಚರ್ಮದಲ್ಲಿ ದಟ್ಟವಾಗಿವೆ.

ಸೇವೆಯಲ್ಲಿದ್ದಾಗ ಗ್ರಾಮೀಣ ಉಪಕೇಂದ್ರವೊಂದರಲ್ಲಿ ಕಿರಿಯ ಆರೋಗ್ಯ ಸಹಾಯಕಿಯೊಬ್ಬರು ನವಜಾತ ಶಿಶುವಿಗೆ ಈ ಲಸಿಕೆ ಹಾಕುವುದನ್ನು ಕಂಡಿದ್ದೆ. ಪ್ರಮಾಣ ಕೇವಲ 0.05 ಮಿಲಿಲೀಟರ್, ಅಂದರೆ ಒಂದು ಹನಿಯಷ್ಟು. ಸೂಜಿಯನ್ನು ಬಹುತೇಕ ಮಲಗಿಸಿಯೇ ಹಿಡಿಯಬೇಕು. ಆಳಕ್ಕಿಳಿದರೆ ಕೀವುಗಟ್ಟುವ ಅಪಾಯವಿದೆ. ಲಸಿಕೆಯ ಬೆಲೆ ಅತ್ಯಲ್ಪ. ಆ ನುರಿತ ಕೈಯೇ ನಿಜವಾದ ಬಂಡವಾಳ.

ಸೂಜಿಯೇ ಬೇಡ, ಪಟ್ಟಿಯೊಂದನ್ನು ಅಂಟಿಸಿದರೆ ಸಾಕು ಎಂಬ ಕನಸು ಆದ್ದರಿಂದಲೇ ಆಕರ್ಷಕ. 1998ರಲ್ಲಿ ಅಮೆರಿಕದ ವಿಜ್ಞಾನಿಗಳು ಕಾಲರಾ ವಿಷವನ್ನು ಇಲಿಗಳ ಚರ್ಮಕ್ಕೆ ಲೇಪಿಸಿ ಪ್ರತಿರೋಧ ಮೂಡಿದ್ದನ್ನು ತೋರಿಸಿದರು. ಇ. ಕೊಲೈ ಬ್ಯಾಕ್ಟೀರಿಯಾದ ವಿಷದಿಂದ ತಯಾರಿಸಿದ ಪಟ್ಟಿಯೊಂದು, ಮೆಕ್ಸಿಕೊ ಮತ್ತು ಗ್ವಾಟೆಮಾಲಾಕ್ಕೆ ಹೋದ ಪ್ರವಾಸಿಗರ ಅತಿಸಾರವನ್ನು ತಡೆಯುವ ಭರವಸೆಯನ್ನು 2008ರಲ್ಲಿ ಮೂಡಿಸಿತು. ಆದರೆ ಸುಮಾರು 2,000 ಪ್ರವಾಸಿಗರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಅದು ನಿಗದಿತ ಗುರಿ ಮುಟ್ಟಲಿಲ್ಲ. ರಕ್ತದಲ್ಲಿ ಪ್ರತಿಕಾಯ ಹುಟ್ಟುವುದೇ ಬೇರೆ, ರೋಗ ತಡೆಯುವುದೇ ಬೇರೆ.

ಈ ಪಾಠ ನಮಗೆ ಹೊಸದಲ್ಲ. ತಮಿಳುನಾಡಿನ ಚೆಂಗಲ್ಪಟ್ಟು ಪ್ರದೇಶದಲ್ಲಿ 1968ರಲ್ಲಿ ಆರಂಭವಾದ ಬಿಸಿಜಿ ಪ್ರಯೋಗವು, ವಯಸ್ಕರ ಶ್ವಾಸಕೋಶದ ಕ್ಷಯವನ್ನು ಆ ಲಸಿಕೆ ತಡೆಯಲಿಲ್ಲವೆಂದು ತೋರಿಸಿತು. ಎಳೆಯ ಮಕ್ಕಳನ್ನು ಮಿದುಳುಪೊರೆಯ ಕ್ಷಯದಿಂದ ಅದು ಕಾಪಾಡುವುದರಿಂದ ಇಂದಿಗೂ ಬಳಕೆಯಲ್ಲಿದೆ.

ಸೂಕ್ಷ್ಮಸೂಜಿಗಳ ಪಟ್ಟಿಯ ಮೂಲಕ ಗ್ಯಾಂಬಿಯಾದ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ನೀಡಿದ ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಪ್ರತಿಕಾಯಗಳು ಚುಚ್ಚುಮದ್ದಿಗೆ ಸಮನಾಗಿ ಮೂಡಿದ್ದವು. ವೈರಾಣು ರೋಗವಾದ ದಡಾರದಲ್ಲಿ ಪ್ರತಿಕಾಯದ ಮಟ್ಟವನ್ನು ರಕ್ಷಣೆಯ ಅಳತೆಗೋಲಾಗಿ ಬಳಸಬಹುದು. ಕ್ಷಯಕ್ಕೆ ಅಂತಹ ನಂಬಲರ್ಹ ಅಳತೆಗೋಲಿಲ್ಲ. ಆದ್ದರಿಂದ ಕ್ಷಯದ ಹೊಸ ಲಸಿಕೆಯನ್ನು ಪಟ್ಟಿಯ ಮೂಲಕ ಕೊಡುವುದಾದರೂ, ದೀರ್ಘಕಾಲದ, ದುಬಾರಿಯಾದ ಕ್ಷೇತ್ರಪ್ರಯೋಗವನ್ನು ತಪ್ಪಿಸಿಕೊಳ್ಳಲಾಗದು.

ಆ ವೆಚ್ಚವನ್ನು ಸರ್ಕಾರ ಭರಿಸುವುದು ನ್ಯಾಯ. ಬಡವರ ರೋಗಗಳಿಗೆ ಮಾರುಕಟ್ಟೆ ತಾನಾಗಿ ಹಣ ಹೂಡುವುದಿಲ್ಲ. ಆದರೆ ನಾಳೆ ಪಟ್ಟಿ ಬರುತ್ತದೆಂಬ ನೆಪದಲ್ಲಿ ಇಂದು ಖಾಲಿಯಿರುವ ಸಹಾಯಕಿಯರ ಹುದ್ದೆಗಳನ್ನು ಖಾಲಿಯಾಗಿಯೇ ಉಳಿಸುವುದು ಮಿತವ್ಯಯವಲ್ಲ. ಪಟ್ಟಿ ಬಂದರೂ ಅದನ್ನು ಮಗುವಿನ ತೋಳಿಗೆ ಅಂಟಿಸಲು ಯಾರಾದರೂ ಆ ಮನೆಯ ಬಾಗಿಲಿಗೆ ಹೋಗಲೇಬೇಕು.